ಬಾಗಿಲ ಹಿಂದಿನ ಕೂಗು

ವ್ಯಾನ್ ತೊಳೆಯುವಾಗ ಸೀಟಿನ ಕೆಳಗೆ ಜ್ಯೇಷ್ಠಮಧುವಿನ ಕಡ್ಡಿಯೊಂದು ಸಿಕ್ಕಿತು. ಮೂಸಿದೆ. ಆಂಟಿ ನೆನಪಾದರು.

ನಾನು ಹೆಚ್ಚು ಓದಿದವನಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ಇಂಡಿಯನ್ ಗ್ರೋಸರಿ ಅಂಗಡಿಯ ವ್ಯಾನ್ ಓಡಿಸುತ್ತೇನೆ. ಆಂಟಿ ಧಾರವಾಡದ ಕಡೆಯವರು, ಡಾಕ್ಟರ್ ಮಗನ ಮನೆಯಲ್ಲಿದ್ದರು. ಡ್ರೈವಿಂಗ್ ಬರುತ್ತಿರಲಿಲ್ಲ. ಕನ್ನಡ ಸಂಘದ ನಾಟಕದ ಪ್ರಾಕ್ಟೀಸಿಗೆ ಸ್ಟರ್ಲಿಂಗ್ ಹೈಟ್ಸ್‌ವರೆಗೆ ನಾನೇ ಕರೆದೊಯ್ಯುತ್ತಿದ್ದೆ.

ಅದು ಹಳೇ ಇಂಗ್ಲಿಷ್ ಸಿನಿಮಾ ಒಂದರ ಕೊಲೆ ಕತೆ. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಯಾವುದೋ ನಾಟಕ ನೋಡಿ ತೆಗೆದಿದ್ದಂತೆ. ನಮ್ಮವರು ಅದನ್ನು ವಾಪಸ್ ನಾಟಕ ಮಾಡಿದರು. ಒಂದೇ ಕೋಣೆ, ಒಂದು ಸೋಫಾ ಇದ್ದರೆ ಸಾಕಲ್ಲ. ಕೊಲೆಯನ್ನು ತೋರಿಸುವುದೇ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ಹೆಂಗಸೊಬ್ಬಳು ಕಿರುಚುತ್ತಾಳೆ. ಆ ಕಿರುಚುವುದೇ ಆಂಟಿಯ ಪಾರ್ಟು.

ಆದರೆ ಜೋರಾಗಿ ಮಾತಾಡಿಯೇ ಗೊತ್ತಿಲ್ಲದ ಹೆಂಗಸು. ಗಂಟಲಿಗೆ ಒಳ್ಳೆಯದೆಂದು ದಾರಿಯುದ್ದಕ್ಕೂ ಜ್ಯೇಷ್ಠಮಧು ಜಗಿಯುತ್ತಿದ್ದರೂ, ಕಿರುಚಿದರೆ ಕೆಮ್ಮಿದ ಹಾಗಿರುತ್ತಿತ್ತು. ಮನೆಯಲ್ಲಿ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಮಗ ನೈಟ್ ಡ್ಯೂಟಿ ಮುಗಿಸಿ ಮಲಗಿರುತ್ತಿದ್ದ. ನಾಟಕ ಆಡಿಸುತ್ತಿದ್ದ ಬೆಂಗಳೂರಿನ ಇಂಜಿನಿಯರ್ ಕೊನೆಗೆ ಹೇಳಿಯೇಬಿಟ್ಟರು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ವಾರಾನೂ ಕೂಗು ಸರಿಯಾಗ್ ಬರ್ಲಿಲ್ಲ ಅಂದ್ರೆ ರೆಕಾರ್ಡಿಂಗ್ ಹಾಕ್ಬಿಡ್ತೀವಿ."

ವಾಪಸ್ ಬರುವಾಗ ಆಂಟಿ ಕಣ್ಣೊರೆಸಿಕೊಂಡರು. ಈ ದೇಶಕ್ಕೆ ಬಂದ ಮೇಲೆ ನೀವೂ ಬನ್ನಿ ಎಂದು ಅವರನ್ನು ಯಾರಾದರೂ ಕರೆದದ್ದು ಅದೊಂದಕ್ಕೇ ಅಂತೆ...

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಫ್ರೀವೇಯಲ್ಲಿ ಕಿಟಕಿ ಏರಿಸಿ ನಾನೇ ಒಮ್ಮೆ ಕಿರುಚಿದೆ. ಅವರಿಗೆ ನಗು ಬಂತು.

"ಹಂದಿ ಹಿಡದಾಗ ಹಿಂಗ ಒದರ್ತದ, ತಮ್ಮಾ."

ಆಮೇಲೆ ಕಣ್ಣು ಮುಚ್ಚಿ "ಯವ್ವಾ..." ಎಂದು ಕೂಗಿದರು. ನನ್ನ ಕಾಲು ಬ್ರೇಕಿನ ಮೇಲೆ ಹೋಗಿತ್ತು.

ಮುಂದಿನ ವಾರದ ಪ್ರಾಕ್ಟೀಸಿನಲ್ಲಿ ಇಂಜಿನಿಯರಿಗೆ ಆ 'ಯವ್ವಾ' ಹಿಡಿಸಲಿಲ್ಲ. ಬರೀ 'ಆ' ಅಂದರೆ ಸಾಕು ಎಂದರು. ಆಂಟಿ ಎದುರು ಮಾತಾಡಿದ್ದನ್ನು ನಾನು ಕಂಡಿದ್ದು ಆವತ್ತೇ.

"ಸಾಯೂಮುಂದ ಯಾರರ ಬರೇ ಆ ಅಂತಾರೇನಪಾ? ಅವ್ವನ್ನ ಕರೀತಾರ."

ಇಂಜಿನಿಯರ್ ತಮ್ಮ ಹಾಳೆಯಲ್ಲಿ 'ಯವ್ವಾ' ಎಂದು ಬರೆದುಕೊಂಡರು. ರೆಕಾರ್ಡಿಂಗ್ ಮಾತು ಮತ್ತೆ ಬರಲಿಲ್ಲ.

ನಾಟಕದ ದಿನ ಆ ಕೂಗಿಗೆ ಮುಂದಿನ ಸಾಲಿನಲ್ಲಿ ಸಮೋಸ ತಿನ್ನುತ್ತಿದ್ದ ಅಂಕಲ್ ಒಬ್ಬರು ಎದ್ದೇ ನಿಂತರು.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಕಳೆದ ವಾರ ಅಕ್ಕಿ ಮೂಟೆ ಇಳಿಸಲು ಹೋದಾಗ ಅವರ ಮೊಮ್ಮಗಳು ನಾಟಕದ ವಿಡಿಯೊ ತೋರಿಸು ಎಂದಳು. ನನ್ನ ಫೋನಿನಲ್ಲಿದ್ದದ್ದು ಆ ದೃಶ್ಯ ಮಾತ್ರ. ಹಾಕಿದೆ. ಕೂಗು ಬಂತು, ಹೋಯಿತು.

"ವೇರ್ ಈಸ್ ಅಜ್ಜಿ?" ಎಂದಳು.

ಅವರು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ನಾನು ಫೋನಿನಲ್ಲಿ ಆ ಮುಚ್ಚಿದ ಬಾಗಿಲನ್ನು ತೋರಿಸಿದೆ.