ಹಿನ್ನೀರಿಗೆ ಒಯ್ದ ಚಾಕು

ಸಂಕ್ರಾಂತಿ ಕಳೆದ ಮೇಲೆ ನಾನೂ ನನ್ನ ನಾದಿನಿಯೂ ಬೆನ್ನಿಗೆ ಚೀಲ ಹಾಕಿಕೊಂಡು ಮೂರು ದಿನ ನಡೆಯುವುದೆಂದು ತೀರ್ಮಾನಿಸಿದೆವು. ಶ್ರೀರಾಂಪುರದಲ್ಲಿ ಬಸ್ಸಿಳಿದು, ಹಿನ್ನೀರಿನ ಅಂಚು ಹಿಡಿದು ಮಾರಿಕಣಿವೆ ಅಣೆಕಟ್ಟು ಸೇರುವುದು. ಅವಳು ಹೊಸದುರ್ಗದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್. ನಾನು ಚಿತ್ರದುರ್ಗದ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಟೆಂಟು, ಹೊದಿಕೆ, ನೀರಿನ ಬಾಟಲಿ, ಯಾವುದಕ್ಕೂ ಮಾತು ಬೆಳೆಯಲಿಲ್ಲ. ಚಾಕುವಿನ ವಿಷಯಕ್ಕೆ ಬೆಳೆಯಿತು.

ನನ್ನ ಗಂಡ ಎಳನೀರು ಕೆತ್ತುವ ಮಚ್ಚನ್ನು ತಂದು ಮುಂದಿಟ್ಟರು. "ಆ ಕಡೆ ಕರಡಿ ಅವೆ, ಚಿರತೆ ಅವೆ. ಇದನ್ನ ಇಟ್ಕಳ್ರಿ."

"ಕರಡಿ ಬಂದ್ರೆ ಮಚ್ಚು ಹಿಡ್ಕಂಡು ನಿಲ್ಲೋರು ಯಾರಣ್ಣ?" ಎಂದಳು ಅವರ ತಂಗಿ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ಈರುಳ್ಳಿ ಹೆಚ್ಚೋ ಚಾಕುನೇ ರಟ್ಟಲ್ಲಿ ಸುತ್ಕಂಡು ಹೋಗಾಣ. ಕೈಗೆ ಪಳಗೈತೆ" ಎಂದಳು.

ನನಗೆ ಅದು ಸರಿ ಕಾಣಲಿಲ್ಲ. ಚೀಲದೊಳಗೆ ಬಟ್ಟೆಗಳ ನಡುವೆ ತೆರೆದ ಅಲಗು ಇರುತ್ತದೆಂದರೆ ಬೆನ್ನು ಚುರುಗುಟ್ಟಿದಂತಾಗುತ್ತಿತ್ತು. ಸಂತೆಪೇಟೆಯ ಕಡೆ ಒಂದು ಅಂಗಡಿಗೆ ಹೋಗಿ ಮಡಚುವ ಚಾಕು ಕೇಳಿದೆ. ಅಂಗಡಿಯವರು ನಾಲ್ಕಾರು ಬಗೆ ತೆಗೆದಿಟ್ಟು ಫೋನಿನಲ್ಲಿ ಮುಳುಗಿದರು. ಯಾವುದು ಒಳ್ಳೆಯದೆಂದು ಕೇಳಿದರೆ, "ಎಲ್ಲಾ ಚೆನ್ನಾಗವೆ ಮೇಡಂ, ಯಾವ್ದಾರಾ ತಗಳ್ರಿ" ಎಂದರು. ಮರದ ಹಿಡಿಯ, ಹಗುರವಾದ ಒಂದನ್ನು ಆರಿಸಿದೆ. ಮಡಚಿದರೆ ಅಂಗೈಯೊಳಗೆ ಅಡಗುತ್ತಿತ್ತು. ಬಿಚ್ಚಿದ ಅಲಗು ಅಲ್ಲೇ ನಿಲ್ಲುವಂತೆ ಬಿಗಿಯುವ ಕೊಕ್ಕೆ ಅದಕ್ಕಿರಲಿಲ್ಲ. ಅಂಥದ್ದೊಂದು ಇರುತ್ತದೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಆ ಚಾಕು ಸೌತೆಕಾಯಿ ಹೆಚ್ಚಿತು, ಟೆಂಟಿನ ಹಗ್ಗ ಕತ್ತರಿಸಿತು, ನಾದಿನಿಯ ಹಿಮ್ಮಡಿಗೆ ಅಂಟಿಸಲು ಪ್ಲಾಸ್ಟರ್ ತುಂಡು ಮಾಡಿತು.

ಎರಡನೆಯ ದಿನ ಮಧ್ಯಾಹ್ನ ನೀರಿನ ಅಂಚಿನಲ್ಲಿ ಒಬ್ಬ ಕುರಿಗಾಹಿ ಹೆಂಗಸು ಕೂಗುತ್ತಿದ್ದಳು. ಮೀನು ಹಿಡಿಯುವವರು ಬಿಸಾಕಿದ ಹಳೆಯ ಬಲೆಗೆ ಒಂದು ಮರಿ ಸಿಕ್ಕಿಕೊಂಡಿತ್ತು. ಎಳೆದಷ್ಟೂ ನೈಲಾನ್ ದಾರ ಕಾಲಿಗೆ ಬಿಗಿಯುತ್ತಿತ್ತು.

"ಚಾಕು ಐತೇನ್ರವ್ವ?" ಎಂದು ಆಕೆ ಕೇಳಿದಳು.

ನನ್ನ ಜೇಬಿನಲ್ಲಿತ್ತು. ಮಂಡಿಯೂರಿ ಕೂತು, ಗೊರಸಿನ ಮೇಲಿನ ದಾರಕ್ಕೆ ಅಲಗು ಹಚ್ಚಿದೆ. ಎರಡು ಎಳೆ ತುಂಡಾಗಿದ್ದವು. ಅಷ್ಟರಲ್ಲಿ ಮರಿ ಜಾಡಿಸಿ ಒದೆಯಿತು. ಗೊರಸು ಅಲಗಿನ ಬೆನ್ನಿಗೆ ಬಡಿದು ಚಾಕು ಮಡಚಿಕೊಂಡಿತು. ನನ್ನ ತೋರುಬೆರಳು ಒಳಗಿತ್ತು.

ನೋವು ತಡವಾಗಿ ಬಂತು. ಮೊದಲು ಕಂಡದ್ದು ಮರಿಯ ಬಿಳಿ ಉಣ್ಣೆಯ ಮೇಲಿನ ರಕ್ತ. ಅದು ಮರಿಯದೇ ಎಂದುಕೊಂಡು ಹೆದರಿದೆ.

"ಅಯ್ಯೋ ನಮ್ಮವ್ವ, ನಿಂದೇ ಕಣವ್ವ! ಕೈ ಮ್ಯಾಕೆತ್ತಿ ಹಿಡ್ಕ" ಎಂದು ಆ ಹೆಂಗಸು ತಲೆಯ ಮೇಲಿನ ಟವೆಲ್ ಬಿಚ್ಚಿ ಎಸೆದಳು. ನಾದಿನಿ ಅದನ್ನು ಬೆರಳಿಗೆ ಬಿಗಿಯಾಗಿ ಸುತ್ತಿದಳು. ಆಮೇಲೆ ಅದೇ ಚಾಕುವನ್ನು ಪ್ಯಾಂಟಿಗೆ ಒರೆಸಿ, "ನಾಲ್ಕೂ ಕಾಲು ಅದುಮಿ ಹಿಡ್ಕಳಮ್ಮ" ಎಂದು ಆಕೆಗೆ ಹೇಳಿ, ಉಳಿದ ಎಳೆಗಳನ್ನು ಒಂದೊಂದಾಗಿ ಕಡಿದಳು; ಚಾಕು ಮಡಚಿ ನನ್ನ ಜೇಬಿಗೆ ಹಾಕಿದಳು. ಮರಿ ಕುಂಟುತ್ತಾ ಹಿಂಡಿನೊಳಗೆ ಸೇರಿಹೋಯಿತು. ಉಣ್ಣೆಯ ಮೇಲಿನ ಕೆಂಪು ಕಲೆಯಿಂದಷ್ಟೇ ಸ್ವಲ್ಪ ಹೊತ್ತು ಗುರುತು ಸಿಗುತ್ತಿತ್ತು.

ಆ ದಾರಿಯಲ್ಲಿ ಬಂದ ಲಗೇಜ್ ಆಟೋ ಒಂದು ನಮ್ಮನ್ನು ಹಿರಿಯೂರಿನ ಆಸ್ಪತ್ರೆಗೆ ಮುಟ್ಟಿಸಿತು. ಹೊಲಿಗೆ ಹಾಕಿದ ಡಾಕ್ಟರು ಬೆರಳಿನ ನರಕ್ಕೂ ಪೆಟ್ಟಾಗಿದೆ, ಆ ಕೈಗೆ ಭಾರ ಕೊಡಬೇಡಿ ಎಂದರು. ಆ ರಾತ್ರಿ ಅಲ್ಲೇ ಲಾಡ್ಜಿನಲ್ಲಿ ಉಳಿದೆವು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುವಾಗ ನಾದಿನಿ ಲೋಟದೊಳಗೆ ನೋಡುತ್ತಾ ಹೇಳಿದಳು, "ಅತ್ತಿಗೆ, ತಪ್ಪು ತಿಳ್ಕಬೇಡ. ನಿನ್ನನ್ನ ಚಿತ್ರದುರ್ಗದ ಬಸ್ಸು ಹತ್ಸಿ, ನಾನು ವಾಪಸ್ ಹೋಗಿ ಉಳಿದಿದ್ದು ನಡೀಲಾ?"

ಅವಳು ನನ್ನ ಜೊತೆ ಮನೆಗೆ ಬರುತ್ತಾಳೆ ಎಂದೇ ನಾನು ಎಣಿಸಿದ್ದೆ. "ಒಬ್ಬಳೇ?" ಎಂದೆ.

"ಹೂಂ. ಇನ್ನೇನ್ ದೂರ ಐತೆ?"

ಬೇಡ ಎನ್ನಲು ಕಾರಣ ಹುಡುಕಿದೆ. ಸಿಕ್ಕ ಕಾರಣಗಳೆಲ್ಲ ನನ್ನ ಗಂಡ ಹೇಳುವಂಥವೇ ಆಗಿದ್ದವು. "ನಡಿ" ಎಂದೆ. ಎಡಗೈಯಲ್ಲಿ ಜೇಬು ತಡಕಿ ಚಾಕುವನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಬಿಚ್ಚಿ, ಮಡಚಿ, ಚೀಲದ ಹೊರಜೇಬಿಗೆ ಹಾಕಿಕೊಂಡಳು.

ಬಸ್ಸಿನ ಕಿಟಕಿಯ ಪಕ್ಕ ಕೂತು ನೋಡಿದೆ. ಅವಳು ಕೈ ಬೀಸಲಿಲ್ಲ. ಆಗಲೇ ಒಬ್ಬ ಕಂಡಕ್ಟರನ್ನು ನಿಲ್ಲಿಸಿ ಹಿನ್ನೀರಿನ ಕಡೆ ಹೋಗುವ ಹೊಸದುರ್ಗದ ಬಸ್ಸು ಯಾವುದೆಂದು ಕೇಳುತ್ತಿದ್ದಳು. ಮರುದಿನ ಸಂಜೆ ಫೋನ್ ಬಂತು. ಮಾರಿಕಣಿವೆ ತಲುಪಿದ್ದಳು, ಕಾಲು ಊದಿದ್ದವು, ಮೀನು ತಿಂದಿದ್ದಳು. ಬೆರಳು ಹೇಗಿದೆ ಎಂದು ಕೇಳಿದಳು. ಬಾತಿದೆ ಎಂದೆ.