ಏಳು ಸೊನ್ನೆಗಳು

1986ರ ಬೇಸಿಗೆ. ನಾಗಪುರದ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಭೂರಸಾಯನ ಪರೀಕ್ಷೆಗಳ ದತ್ತಾಂಶ ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ವಿಕಿರಣಶೀಲ ತ್ಯಾಜ್ಯವನ್ನು ನೆಲದಾಳದ ಬಂಡೆಯಲ್ಲಿ ಹೂತಿಡಬಹುದೇ ಎಂದು ತಿಳಿಯಲು ಒಂದು ಜಾಗದಲ್ಲಿ ಕೊಳವೆಬಾವಿ ಕೊರೆದು, ಬೇರೆ ಬೇರೆ ಆಳದ ನೀರನ್ನು ನಮಗೆ ಕಳಿಸುತ್ತಿದ್ದರು. ನಾವು ಮುಖ್ಯವಾಗಿ ಹುಡುಕುತ್ತಿದ್ದುದು ಟ್ರಿಷಿಯಂ ಎಂಬ ಒಂದು ಬಗೆಯ ಹೈಡ್ರೋಜನ್. ಅದು ಈಚಿನ ಮಳೆನೀರಿನಲ್ಲಿರುತ್ತದೆ. ಆಳದಲ್ಲೂ ಸಿಕ್ಕಿತೆಂದರೆ ಮೇಲಿನ ನೀರು ಬಿರುಕುಗಳಲ್ಲಿ ಕೆಳಗಿಳಿಯುತ್ತಿದೆ ಎಂದರ್ಥ. ಆ ನೀರು ಹೂತಿಟ್ಟದ್ದನ್ನು ಮುಂದೆ ಯಾರ ಬಾವಿಗೆ ಒಯ್ಯುತ್ತದೋ ಹೇಳಲಾಗದು.

ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಎಸಿ, ನಮಗೆ ಕೂಲರ್ ಎಂಬ ಹೊಟ್ಟೆಯುರಿ ಎಲ್ಲರಿಗೂ ಇತ್ತು. ಯಾವುದಾದರೂ ಅಂಕಣ ಖಾಲಿಯಿದ್ದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತಿತ್ತು. ನಾನೋ ಮೊದಲೇ ಅವಸರದ ಮನುಷ್ಯ. ಖಾಲಿ ಇದ್ದಲ್ಲೆಲ್ಲ ಸೊನ್ನೆ ಹೊಡೆಯಿರಿ ಎಂದು ಟೈಪಿಸ್ಟ್‌ಗೆ ಹೇಳಿದೆ. ವರದಿ ಸಿದ್ಧವಾಯಿತು: ಆಳದ ಏಳು ಮಾದರಿಗಳಲ್ಲೂ ಟ್ರಿಷಿಯಂ ಸೊನ್ನೆ, ಜಾಗ ಯೋಗ್ಯ. ಕೆಳಗೆ ನನ್ನ ಸಹಿ.

ಮರುದಿನ ಬೆಳಿಗ್ಗೆ, ನೀರಿನ ಮಾದರಿ ತರುತ್ತಿದ್ದ ಹುಬ್ಬಳ್ಳಿಯ ಬಸಪ್ಪ ಚಹಾ ಕುಡಿಯುತ್ತ ನನ್ನ ಮೇಜಿನ ಮೇಲಿದ್ದ ವರದಿಯ ಪ್ರತಿ ತಿರುವಿದ.

"ಸಾಹೇಬ್ರ, ಈ ಏಳು ಬಾಟ್ಲಿ ಜೀಪಿನ್ಯಾಗ ಒಡದು ಹೋಗಿದ್ವಲ್ರಿ. ನೀರ ಇಲ್ಲದ ಟೆಸ್ಟ್ ಹೆಂಗ ಮಾಡಿದ್ರಿ?"

ರಿಜಿಸ್ಟರ್ ತೆಗೆದರೆ ಆ ಏಳು ಬಾಟಲಿಗಳ ನಂಬರು ಇತ್ತು, ಫಲಿತಾಂಶದ ಜಾಗ ಖಾಲಿ. ಮೂಲ ವರದಿ ಹಿಡಿದು ನಮ್ಮ ಮುಖ್ಯಸ್ಥರಾದ ಜೋಶಿ ಸಾಹೇಬರು ಜಾಗ ಆರಿಸುವ ಸಮಿತಿಯ ಸಭೆಗೆಂದು ಮುಂಬಯಿಗೆ ಹೊರಟಾಗಿತ್ತು. ಸ್ಕೂಟರ್ ಹತ್ತಿ ಸ್ಟೇಷನ್ನಿಗೆ ಓಡಿದೆ. ದಾರಿಯಲ್ಲಿ ಅಡ್ಡ ಬಂದ ಪ್ರತಿ ರಿಕ್ಷಾವನ್ನೂ ಬೈದೆ. ಬೈಸಿಕೊಳ್ಳಬೇಕಾದವನು ನಾನೇ ಎಂಬುದು ಗೊತ್ತಿದ್ದೂ ಬೈದೆ.

ರೈಲು ಇನ್ನೂ ನಿಂತಿತ್ತು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಸಾಹೇಬರು, ಸಮಿತಿಯವರಿಗೆ ಏನು ಹೇಳಲಿ ಎಂದು ಕೇಳಿದರು.

"ನಮಗೆ ಗೊತ್ತಿಲ್ಲ ಅಂತ ಹೇಳಿ, ಸರ್."

ಅವರು ತಮ್ಮ ಪೆನ್ನು ಕೊಟ್ಟರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಏಳೂ ಸೊನ್ನೆಗಳನ್ನು ಹೊಡೆದುಹಾಕಿ, ಒಂದೊಂದರ ಪಕ್ಕದಲ್ಲೂ 'ಪರೀಕ್ಷಿಸಿಲ್ಲ' ಎಂದು ಬರೆದು ಸಹಿ ಮಾಡಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಸಪ್ಪ ಮತ್ತೆ ಹೋಗಿ ನೀರು ತಂದ. ಫಲಿತಾಂಶ ಬರುವವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಏಳರಲ್ಲಿ ಎರಡು ಬಾಟಲಿಗಳಲ್ಲಿ ಟ್ರಿಷಿಯಂ ಇತ್ತು. ಆ ಜಾಗವನ್ನು ಕೈಬಿಟ್ಟರು. ನನ್ನ ಬಡ್ತಿಯೂ ಮುಂದಕ್ಕೆ ಹೋಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ.

ಸೊನ್ನೆ ಎಂದರೆ ಹುಡುಕಿದೆವು, ಸಿಗಲಿಲ್ಲ. ಖಾಲಿ ಎಂದರೆ ಹುಡುಕಿಯೇ ಇಲ್ಲ. ಈ ವ್ಯತ್ಯಾಸವನ್ನು ಆಮೇಲೆ ಬಂದ ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನವೇ ಹೇಳಿಕೊಟ್ಟೆ. ಆದರೆ ಬಸಪ್ಪ ಆ ಬೆಳಿಗ್ಗೆ ರಜೆಯಲ್ಲಿದ್ದಿದ್ದರೆ ಎಂಬ ಯೋಚನೆ ಬಂದಾಗ, ಈಗಲೂ ಕುರ್ಚಿ ಬಿಟ್ಟೆದ್ದು ಓಡಾಡುತ್ತೇನೆ.