ತೂಬಿನ ಹಲಗೆಯ ಲೆಕ್ಕ

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಒಂದು ಕಡೆ ಕೂರುವುದು ಆಗಿನಿಂದಲೂ ನನ್ನಿಂದಾಗದು. ಇದನ್ನು ಬರೆಯಲು ಕೂತವನು ಈಗಾಗಲೇ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಆದರೂ ಬರೆಯಬೇಕು. ನನ್ನ ಅಣ್ಣನ ಕಸುಬು ಕೆಟ್ಟದ್ದು ನನ್ನಿಂದ. ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಚನ್ನರಾಯಪಟ್ಟಣದಲ್ಲಿ ನಮ್ಮದು ಎತ್ತಿನ ಗಾಡಿ ಮಾಡುವ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಎಲ್ಲ ನೋಡಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಚಕ್ರದ ಮರ ಒಣಗಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ರೈತರು ಅಂಥ ಚಕ್ರ ತಂದುಕೊಟ್ಟರೆ ಅಣ್ಣ ಕೆರೆಯಲ್ಲಿ ಎರಡು ದಿನ ಮುಳುಗಿಸಿಡುತ್ತಿದ್ದ. ಮರ ನೀರು ಕುಡಿದು ಉಬ್ಬಿ ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಆಮೇಲೆ ಮರದ ಕೊಡತಿಯಿಂದ ಒಮ್ಮೆ ತಟ್ಟಿ, ಶಬ್ದ ಕೇಳಿ, "ತಕ್ಕೊಂಡೋಗಿ" ಅನ್ನುತ್ತಿದ್ದ. ಅವನು ಹಾಗೆ ಅಂದ ಚಕ್ರ ತಿರುಗಿ ಬಂದದ್ದನ್ನು ನಾನು ನೋಡಿಲ್ಲ. ಚಕ್ರಕ್ಕೆ ಎರಡು ದಿನ, ಕೆರೆಯ ನೀರು ತಡೆಯುವ ತೂಬಿನ ದಪ್ಪ ಹಲಗೆಗೆ ಎಂಟು ದಿನ. ಇದು ಅಪ್ಪ ಹೇಳಿಕೊಟ್ಟ ಲೆಕ್ಕ.

ದೋಣಿಯ ಹುಚ್ಚು ಹತ್ತಿದ್ದು ನನಗೆ. ಯಾರೋ ಒಬ್ಬ ಬಿಳಿ ದೊರೆ ನಮ್ಮ ಕೆರೆಯಲ್ಲಿ ಆಡಲೆಂದು ಹಾಯಿದೋಣಿ ತರಿಸಿದ್ದನಂತೆ. ಅವನು ತನ್ನ ದೇಶಕ್ಕೆ ಹೋದವನು ಮತ್ತೆ ಬರಲಿಲ್ಲ. ಅದು ಅವನಿದ್ದ ಬಂಗಲೆಯ ಹಿಂದೆ ಹತ್ತು ವರ್ಷ ಬೋರಲು ಬಿದ್ದಿತ್ತು. ಕೇಳಿದರೆ ಬಂಗಲೆಯ ಕಾವಲುಗಾರ, "ಅದರೊಳ್ಗೆ ಆವು ಸೇರ್ಕಂಡವೆ ಕಣ್ರಪ್ಪಾ, ಒತ್ಕೊಂಡೋಗಿ ಪುಣ್ಯ ಕಟ್ಕಳಿ" ಅಂದ.

ನನ್ನ ಜೊತೆ ಇಬ್ಬರು ಗೆಳೆಯರಿದ್ದರು. ಒಬ್ಬ ಜೈನರ ಜವಳಿ ಅಂಗಡಿಯವನು. ಇನ್ನೊಬ್ಬ ದರ್ಜಿ, ಎರಡು ವರ್ಷ ಮಂಗಳೂರಿನಲ್ಲಿದ್ದು ಬಂದವನು, ಹಾಯಿ ತಿರುಗಿಸುವುದನ್ನು ಬಲ್ಲವನು. ಗೆದ್ದಲು ತಿಂದಿದ್ದ ಮೂರು ಹಲಗೆ ಕಿತ್ತು ಅಣ್ಣ ಹೊನ್ನೆ ಮರದ ಹಲಗೆ ಕೂಡಿಸಿದ. ಸಂದುಗಳಿಗೆ ಹತ್ತಿ ತುರುಕಿ, ಹರಳೆಣ್ಣೆಯಲ್ಲಿ ರಾಳ ಕಾಸಿ ಮೆತ್ತಿದೆವು. ಯುದ್ಧದ ಕಾಲ, ಬಟ್ಟೆಗೆ ತತ್ವಾರ. ಇಲಿ ಕಡಿದ ತಾನುಗಳ ತುಂಡುಗಳನ್ನು ಜವಳಿಯವನು ತಂದ, ದರ್ಜಿ ಅವನ್ನೇ ಜೋಡಿಸಿ ಹಾಯಿ ಹೊಲಿಯತೊಡಗಿದ.

ಅಣ್ಣನಿಗೆ ಮೊದಮೊದಲು ಇದೆಲ್ಲ ತಮಾಷೆಯಾಗಿತ್ತು. ಆಮೇಲೆ ನಮಗಿಂತ ಅವನೇ ಅದರಲ್ಲಿ ಮುಳುಗಿದ. ಊಟದ ನಡುವೆ ಎದ್ದು ಹೋಗಿ ದೋಣಿಯ ಬೆನ್ನು ಸವರಿ ಬರುತ್ತಿದ್ದ. "ಅಪ್ಪ ಇದ್ದಿದ್ರೆ ಇದನ್ನ ಮುಟ್ಟಿ ನೋಡೋನು ಕಣ್ಲಾ" ಅಂದ ಒಂದು ಸಲ.

ಅಷ್ಟರಲ್ಲಿ ಹೊಳೆನರಸೀಪುರದಲ್ಲಿ ಅವನಿಗೆ ಕೆಲಸ ಬಂತು. ಹೊರಡುವಾಗ ಹೇಳಿದ: "ಲೇ, ಇವತ್ತೇ ಕಲ್ಲೇರಿ ಮುಳುಗ್ಸು. ತೂಬಿನ ಹಲಗೆ ಲೆಕ್ಕನೇ ಇದ್ಕೂ, ಎಂಟು ದಿನ ಅಲುಗಾಡಿಸ್ಬ್ಯಾಡ. ಅಮಾಸೆ ದಿನ ಬತ್ತೀನಿ, ನೋಡಿ ಬಿಡಾನ." ಅಮಾವಾಸ್ಯೆಗೆ ನಮ್ಮಲ್ಲಿ ಆಯುಧ ಮುಟ್ಟುವುದಿಲ್ಲ. ಉಳಿ, ಬಾಚಿ, ಕೊಡತಿ ಎಲ್ಲ ತೊಳೆದು ಮೂಲೆಯಲ್ಲಿಟ್ಟು ಕುಂಕುಮ ಹಚ್ಚುತ್ತೇವೆ. ಹಾಗಾಗಿ ಅವನಿಗೆ ಆ ದಿನ ಬಿಡುವು.

ಗೆಳೆಯರಿಬ್ಬರೂ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ದೋಣಿಯ ಹೊಣೆ ನನ್ನೊಬ್ಬನದು. ಕೆರೆಯವರೆಗೆ ಎಳೆಸಿದ್ದೂ ಆಗಿತ್ತು. ಇನ್ನು ಕಲ್ಲು ಹೊತ್ತು ತುಂಬಬೇಕು, ಅಷ್ಟೆ. ಆ ಬೆಳಿಗ್ಗೆ ಹಾಸನಕ್ಕೆ ಹೊರಟ ಬಸ್ಸು ಕೆರೆ ಏರಿಯ ಮೇಲೆ ನಿಂತಿತ್ತು. ಪೆಟ್ರೋಲು ಸಿಗದೆ ಆಗ ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಡ್ರೈವರು ಪರಿಚಯದವನು. "ಬತ್ತೀಯೇನ್ಲಾ? ಆಯಿ ಕಟ್ಟಕ್ಕೆ ಅಗ್ಗ ಬೇಕು ಅಂತಿದ್ದಲ್ಲ" ಅಂದ. ಸಂಜೆಗೆ ತಿರುಗಿ ಬಂದರಾಯಿತು ಎಂದು ಹತ್ತಿದೆ.

ಹಾಸನದಲ್ಲಿ ಹಗ್ಗ ಸಿಕ್ಕಿತು. ಸಿನಿಮಾ ಡೇರೆಯೂ ಸಿಕ್ಕಿತು. ಮಾರನೆಯ ದಿನ ಅದೇ ಬಸ್ಸು ಅರಕಲಗೂಡಿಗೆ ಹೋಗುತ್ತಿತ್ತು, ಹೋದೆ. ಅಲ್ಲಿ ಹೊಗೆಸೊಪ್ಪಿನ ಹೊರೆ ಇಳಿಸಲು ಆಳು ಬೇಕೆಂದರು, ನಿಂತೆ. ಮಲಗಿದಾಗೆಲ್ಲ ದೋಣಿ ನೆನಪಾಗುತ್ತಿತ್ತು. ನಾಳೆ ಹೋಗೋಣ ಅಂದುಕೊಳ್ಳುತ್ತಿದ್ದೆ. ಬೆಳಗಾದರೆ ಇನ್ನೊಂದು ಕಡೆ ಕಾಲು ಎಳೆಯುತ್ತಿತ್ತು. ಊರಿಗೆ ಬಂದದ್ದು ಐದನೆಯ ದಿನ ಸಂಜೆ. ದೋಣಿ ಬಿಸಿಲಿನಲ್ಲಿ ನಾನು ಬಿಟ್ಟ ಹಾಗೇ ಕೂತಿತ್ತು. ಮೆತ್ತಿದ ರಾಳ ಅಲ್ಲಲ್ಲಿ ಬಿರಿದಿತ್ತು. ಬೆಳಿಗ್ಗೆ ಎದ್ದು, ಉಸಿರು ಕಟ್ಟಿಕೊಂಡು ಕಲ್ಲು ಹೊತ್ತು ಮುಳುಗಿಸಿದೆ.

ನೀರಿನಲ್ಲಿ ಅದು ಇದ್ದದ್ದು ಮೂರು ದಿನ.

ಅಮಾವಾಸ್ಯೆಯ ಬೆಳಿಗ್ಗೆ ಎತ್ತಿ ನೀರು ಚೆಲ್ಲಿ ತೇಲಿಸಿದೆವು. ತಳದಲ್ಲಿ ಸಣ್ಣಗೆ ಒಸರುತ್ತಿತ್ತು. ಗೆಳೆಯರು ಹಾಯಿ ಕಟ್ಟುವುದರಲ್ಲಿದ್ದರು. ನಾನು ಪಂಚೆಯ ಅಂಚಿನಿಂದ ಒರೆಸಿದೆ, ಮತ್ತೆ ಒರೆಸಿದೆ. ಕೆಲಸಕ್ಕೆ ರಜೆಯಾದ್ದರಿಂದ ಏರಿಯ ಮೇಲೆ ಊರೇ ನೆರೆದಿತ್ತು. ಬಣ್ಣಬಣ್ಣದ ತುಂಡಿನ ಹಾಯಿ ಮೇಲೇರಿದಾಗ ಯಾರೋ ಕೂಗಿದರು: "ಯಾರ ಮನೆ ಕೌದಿ ಕದ್ಕೊಂಡ್ ಒಂಟ್ರಪ್ಪಾ?"

ಅಣ್ಣ ಬಸ್ಸಿನಿಂದ ಇಳಿದವನೇ ನೇರ ಬಂದ. ಕೊಡತಿ ಮುಟ್ಟುವ ದಿನವಲ್ಲ. ಬೆರಳ ಗೆಣ್ಣಿನಿಂದ ಹೊಸ ಹಲಗೆಯನ್ನು ತಟ್ಟಿ ತಲೆ ವಾಲಿಸಿದ. ಇನ್ನೊಮ್ಮೆ ತಟ್ಟಿದ.

"ಯಾಕ್ಲಾ, ಶಬ್ದ ಇನ್ನೂ ಒಣಮರದಂಗದೆ?"

ನಾನು ಹಗ್ಗದ ಗಂಟು ನೋಡುತ್ತಿದ್ದೆ.

"ಎಂಟು ದಿನ ಪೂರ್ತಿ ನೀರಲ್ಲಿತ್ತಾ?"

"ಇತ್ತು ಕಣಣ್ಣಾ."

"ನೀನೇ ಇದ್ಯಾ?"

"ಇನ್ಯಾರಿದ್ರು?"

ಅವನು ಮತ್ತೊಮ್ಮೆ ತಟ್ಟಿದ. "ಕೊಡತಿ ಇಲ್ದೆ ನಿಜ ಗೊತ್ತಾಗಾಕಿಲ್ಲ ಬುಡು. ದಿನ ಆಗದೆ ಅಂದ್ಮೇಲೆ ಆಗದೆ" ಅಂದು ಹತ್ತಿ ಕೂತ. ಅವನು ತನ್ನ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿದ.

ಗಾಳಿ ಚೆನ್ನಾಗಿತ್ತು. ದರ್ಜಿ ಹಾಯಿ ಹಿಡಿದ, ಅಣ್ಣ ಚುಕ್ಕಾಣಿ, ನಾನು ಮುಂದೆ. ಜವಳಿಯವನು ದಡದಲ್ಲೇ ನಿಂತು ಕೂಗುತ್ತಿದ್ದ. ಹಾಯಿ ತುಂಬಿ ದೋಣಿ ಒಂದು ಮಗ್ಗುಲಿಗೆ ವಾಲಿ ನುಗ್ಗಿತು. ಅಣ್ಣ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಕೆರೆಯ ಮುಕ್ಕಾಲು ದಾಟುವಷ್ಟರಲ್ಲಿ ನನ್ನ ಪಾದ ಒದ್ದೆಯಾಯಿತು. ವಾಲಿದ ಮಗ್ಗುಲಿನ ಸಂದುಗಳಿಂದ ಹತ್ತಿ ಎದ್ದು ಬಂತು. ಬೊಗಸೆಯಲ್ಲಿ ತೋಡುವ ಮಾತೇ ಇರಲಿಲ್ಲ. ಆಚೆ ದಡದ ಹತ್ತಿರ ಎದೆಮಟ್ಟದ ನೀರಿನಲ್ಲಿ ದೋಣಿ ಕೂತುಬಿಟ್ಟಿತು. ಅಣ್ಣನಿಗೆ ಈಜು ಬಾರದು. ಹಾಯಿಯ ಕಂಬ ತಬ್ಬಿಕೊಂಡು ನಿಂತಿದ್ದ. ನಾನು ಕೈ ಹಿಡಿದು ನಡೆಸಿಕೊಂಡು ಬಂದೆ.

ಏರಿಯ ಮೇಲೆ ಜನ ಕಾಯುತ್ತಿದ್ದರು.

"ಏನ್ ಆಚಾರ್ರೇ, ದೋಣಿ ಅಂದ್ಬುಟ್ಟು ಜರಡಿ ಮಾಡಿದ್ರಾ?"

"ಇನ್ಮ್ಯಾಕೆ ಗಾಡಿ ಅತ್ತಕ್ಕೂ ಈಜು ಕಲೀಬೇಕು ಕಣ್ರಪ್ಪಾ."

ಅಣ್ಣ ಜನರ ನಡುವೆಯೇ ದಾಟಿ ನಡೆದ. ಮನೆಗೆ ಬಂದು ಒದ್ದೆ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತ. "ಎಂಟು ದಿನಕ್ಕೂ ನೆನೀಲಿಲ್ಲ ಅಂದ್ರೆ ಲೆಕ್ಕನೇ ತಪ್ಪು. ಅಪ್ಪ ಏನ್ ದೋಣಿ ನೋಡಿದ್ನಾ? ಏಳಿದ್ದ, ನಾನ್ ನಂಬಿದ್ದೆ." ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೈಯುತ್ತಿದ್ದ, ಒಂದು ಏಟು ಹಾಕುತ್ತಿದ್ದ, ಮುಗಿಯುತ್ತಿತ್ತು. ನಾನು ಎತ್ತಿಗೆ ಹುಲ್ಲು ಹಾಕುವ ನೆಪದಲ್ಲಿ ಎದ್ದು ಹೋದೆ.

ಸಂದುಗಳಿಗೆ ಮತ್ತೆ ಹತ್ತಿ, ಮತ್ತೆ ರಾಳ. ಈ ಸಲ ಅಣ್ಣ ತಾನೇ ನಿಂತು ಹದಿನೆಂಟು ದಿನ ಮುಳುಗಿಸಿದ. ದೋಣಿ ಒಂದು ಹನಿ ನೀರು ಒಳಗೆ ಬಿಡಲಿಲ್ಲ. ಆ ವರ್ಷ ಗಾಳಿಯ ಕಾಲವೆಲ್ಲ ನಾವು ನಾಲ್ವರೂ ಕೆರೆಯ ಮೇಲಿದ್ದೆವು. ಅಣ್ಣ ಚುಕ್ಕಾಣಿ ಹಿಡಿದು, "ನೋಡ್ದಾ, ಅದಿನೆಂಟು ಬೇಕಿತ್ತು" ಅನ್ನುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ. ನನ್ನ ಸುಳ್ಳಿಗೆ ಆ ದೋಣಿಯೇ ಸಾಕ್ಷಿ ಹೇಳುತ್ತಿತ್ತು. ತೇಲಿದಷ್ಟೂ ಅಪ್ಪನ ಲೆಕ್ಕ ತಪ್ಪಾಗುತ್ತಿತ್ತು. ಬೇರೆಯವರು ನೀರು ನೋಡುತ್ತಿದ್ದರು, ನಾನು ದಡ ಯಾವಾಗ ಬಂದೀತೆಂದು ನೋಡುತ್ತಿದ್ದೆ.

ಆಮೇಲಿನದು ನಿಧಾನವಾಗಿ ಆಯಿತು. ಅಣ್ಣ ಚಕ್ರಗಳನ್ನೂ ಎರಡು ದಿನಕ್ಕೆ ಕೊಡುವುದನ್ನು ಬಿಟ್ಟ. ಕೊಡತಿಯಿಂದ ತಟ್ಟುತ್ತಿದ್ದ, ಶಬ್ದ ಸರಿಯಾಗಿಯೇ ಇರುತ್ತಿತ್ತು. "ಇನ್ನು ಮೂರು ದಿನ ಇರ್ಲಿ" ಅನ್ನುತ್ತಿದ್ದ. ಹಿರೀಸಾವೆ ಕಡೆಯ ಒಬ್ಬ ರೈತ ಕೈಮುಗಿದ: "ರಾಗಿ ಒಲದಾಗೇ ಬಿದ್ದದೆ ಆಚಾರ್ರೇ, ನಿಮ್ಮಪ್ಪಾರು ಎಲ್ಡೇ ದಿನಕ್ಕೆ ಕೊಡೋರು." ಅಣ್ಣ, "ನಮ್ಮಪ್ಪಂಗೆ ಗೊತ್ತಿರ್ಲಿಲ್ಲ" ಅಂದ. ಆ ಮಾತು ನಾನು ಒಳಗಿದ್ದು ಕೇಳಿಸಿಕೊಂಡೆ. ಸುಗ್ಗಿಯಲ್ಲಿ ಐದು ದಿನ ಗಾಡಿ ನಿಲ್ಲಿಸಿ ಯಾರು ಕಾಯುತ್ತಾರೆ? ಒಬ್ಬೊಬ್ಬರಾಗಿ ಪೇಟೆಯ ಆ ತುದಿಯ ಬಡಗಿಯ ಹತ್ತಿರ ಹೋದರು. ಕೊನೆಗೆ ಅಣ್ಣ ಬಾಗಿಲು ಕಿಟಕಿ ಮಾಡಿಕೊಂಡು ಉಳಿದ. ನಾನು ಲಾರಿ ಹತ್ತಿ ಊರೂರು ಸುತ್ತಿದೆ. ಎಲ್ಲಿ ಮಲಗಿದರೂ ಬೆರಳ ಗೆಣ್ಣಿನ ಆ ಶಬ್ದ ಕೇಳುತ್ತಿತ್ತು.

ಈಗ ಅವನಿಗೆ ವಯಸ್ಸಾಗಿದೆ. ಮೊನ್ನೆ ಹೋದಾಗ ಪಕ್ಕದ ಮನೆಯವನು ಒಣಗಿ ಬಿರುಕು ಬಿಟ್ಟ ಮರದ ತೊಟ್ಟಿಗೆ ನೀರು ತುಂಬಿ ಎಷ್ಟು ದಿನ ಬಿಡಲಿ ಎಂದು ಕೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಎಂಟು ದಿನ ಸಾಕು" ಅಂದೆ.

ಅಣ್ಣ ನಕ್ಕ. "ನಿಂಗೇನ್ಲಾ ಗೊತ್ತು? ದೋಣಿ ಮುಳುಗ್ದಾಗ ನೀನೂ ಇರ್ಲಿಲ್ವಾ?"

ನಾನು ನೀರು ಕುಡಿಯುವ ನೆಪದಲ್ಲಿ ಎದ್ದೆ. ಆವತ್ತು ಎದ್ದ ಹಾಗೇ.

ಅಣ್ಣನಿಗೆ ಅಕ್ಷರ ಬಾರದು. ಇದನ್ನು ನಾನೇ ಎದುರಿಗೆ ಕೂತು ಓದಿ ಹೇಳಬೇಕು, ನಡುವೆ ಏಳದೆ. ಅಮಾವಾಸ್ಯೆಗೆ ಇನ್ನು ನಾಲ್ಕು ದಿನವಿದೆ. ಆ ದಿನ ಅವನು ಈಗಲೂ ಉಳಿ ಮುಟ್ಟದೆ ಜಗಲಿಯಲ್ಲಿ ಕೂತಿರುತ್ತಾನೆ. ಮೊದಲು ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದೇನೆ: ಅಣ್ಣಾ, ಅಪ್ಪನ ಲೆಕ್ಕ ಸರಿಯಾಗಿತ್ತು.